ಮೂಗಿಗೂ ಮರೆವಿಗೂ ಏನು ಸಂಬಂಧ?

2021ರ ಏಪ್ರಿಲ್-ಮೇ ತಿಂಗಳಲ್ಲಿ ಎಷ್ಟೋ ಮನೆಗಳಲ್ಲಿ ಕೋವಿಡ್ ರಿಪೋರ್ಟ್ ಬರುವ ಮೊದಲೇ ತೀರ್ಮಾನ ಆಗಿಬಿಡುತ್ತಿತ್ತು. ಬೆಳಿಗ್ಗೆ ಎದ್ದು ಕಾಫಿಪುಡಿ ಡಬ್ಬಿ ಮೂಗಿಗೆ ಹಿಡಿಯುವುದು. ಏನೂ ಬರಲಿಲ್ಲವೇ, ಇಂಗಿನ ಡಬ್ಬಿ. ಅದೂ ಇಲ್ಲ ಅಂದರೆ ವಿಕ್ಸ್. ಮೂರಕ್ಕೂ ಮೂಗು ಮಾತಾಡದಿದ್ದರೆ ಆ ಮನುಷ್ಯ ಸೀದಾ ಹಿಂದಿನ ರೂಮಿಗೆ. ಅಂದಹಾಗೆ ವಿಕ್ಸ್ ಪರೀಕ್ಷೆ ಅಷ್ಟು ಸರಿಯಲ್ಲ. ಮೆಂಥಾಲ್‌ನ ತಂಪು ಗೊತ್ತಾಗುವುದು ವಾಸನೆಯ ನರದಿಂದಲ್ಲ, ಮುಖದ ನೋವು-ಉರಿ-ತಂಪು ತಿಳಿಸುವ ಬೇರೆ ನರದಿಂದ. ವಾಸನೆ ಪೂರ್ತಿ ಹೋದವರಿಗೂ ವಿಕ್ಸ್ ಹಚ್ಚಿದರೆ ಮೂಗು ತಂಪಾಗುತ್ತದೆ.

ಹೆಚ್ಚಿನವರಿಗೆ ವಾಸನೆ ಕೆಲವೇ ವಾರಗಳಲ್ಲಿ ವಾಪಸ್ ಬಂತು. ಆದರೆ ಒಂದಷ್ಟು ಜನರಿಗೆ ಆಮೇಲೆ ಇನ್ನೊಂದು ಕಾಟ ಶುರುವಾಯಿತು. ಒಲೆ ಮೇಲೆ ಹಾಲಿಟ್ಟದ್ದು ನೆನಪಿಲ್ಲ. ಪಕ್ಕದ ಮನೆಯವರ ಹೆಸರು ನಾಲಿಗೆ ತುದಿಯಲ್ಲಿದೆ, ಹೊರಗೆ ಬರುವುದಿಲ್ಲ. ಓದಿದ್ದನ್ನೇ ಮತ್ತೆ ಓದಬೇಕು. ಮೂಗು ಮೊದಲು, ಮರೆವು ಆಮೇಲೆ ಬಂದದ್ದರಿಂದ ಎರಡನ್ನೂ ಸೇರಿಸಿ ಒಂದು ಕತೆ ಹುಟ್ಟಿತು: ವೈರಸ್ ಮೂಗಿನಿಂದ ಮಿದುಳಿಗೆ ಹತ್ತಿ ನೆನಪನ್ನು ತಿಂದುಹಾಕಿದೆ. ವಾಟ್ಸಾಪ್‌ನಲ್ಲಿ ಈ ಕತೆ ಚೆನ್ನಾಗಿಯೇ ಓಡಿತು. ಅದಕ್ಕೆ ಎದುರಾಗಿ ಇನ್ನೊಂದು ಮಾತೂ ಇತ್ತು. "ಏನೂ ಆಗಿಲ್ಲ ಬಿಡಮ್ಮ, ಎಲ್ಲ ನಿನ್ನ ಮನಸ್ಸಿನ ಭ್ರಮೆ." ನನ್ನ ಪ್ರಕಾರ ಎರಡೂ ತಪ್ಪು. ಎರಡನೆಯದು ಜಾಸ್ತಿ ಕೆಟ್ಟದ್ದು, ಯಾಕೆಂದರೆ ಅದನ್ನು ಕೇಳಿದವರು ಡಾಕ್ಟರ್ ಹತ್ತಿರ ಹೋಗುವುದನ್ನೇ ಬಿಟ್ಟುಬಿಡುತ್ತಾರೆ.

ಮೊದಲು ಮೂಗಿನ ಒಳಗೆ ಹೋಗೋಣ. ವಾಸನೆ ಹಿಡಿಯುವ ಜಾಗ ಮೂಗಿನ ತುದಿಯಲ್ಲೋ ಹೊಳ್ಳೆಯಲ್ಲೋ ಇಲ್ಲ. ಅದು ತುಂಬ ಮೇಲೆ, ಎರಡು ಕಣ್ಣುಗಳ ನಡುವಿನ ಮಟ್ಟದಲ್ಲಿ, ಮೂಗಿನ ಚಾವಣಿಯಲ್ಲಿರುವ ಒಂದು ಚಿಕ್ಕ ತೇಪೆಯಷ್ಟು ಪೊರೆ. ಅದರಲ್ಲಿ ಲಕ್ಷಗಟ್ಟಲೆ ನರಕೋಶಗಳಿವೆ. ಒಂದೊಂದು ಕೋಶದಲ್ಲೂ ಒಂದೇ ಬಗೆಯ ಗ್ರಾಹಕ, ಅಂದರೆ ವಾಸನೆಯ ಅಣುವನ್ನು ಹಿಡಿಯುವ ಪ್ರೋಟೀನ್ (ರಿಸೆಪ್ಟರ್), ಇರುತ್ತದೆ. ಮನುಷ್ಯರಲ್ಲಿ ಇಂಥ ಸುಮಾರು 400 ಬಗೆಗಳಿವೆ. ಮಲ್ಲಿಗೆಗೆ ಒಂದು, ಇಂಗಿಗೆ ಒಂದು ಅಂತ ಹಂಚಿಕೆಯಿಲ್ಲ. ಒಂದು ವಾಸನೆ ಬಂದರೆ ಹಲವು ಬಗೆಯ ಗ್ರಾಹಕಗಳು ಒಟ್ಟಿಗೆ ಎಚ್ಚರವಾಗುತ್ತವೆ. ಯಾವ ಯಾವುದು ಎಚ್ಚರವಾಯಿತು ಎಂಬ ಜೋಡಣೆಯೇ ಮಿದುಳಿಗೆ ಗುರುತು. ಈ ಗ್ರಾಹಕಗಳ ವಂಶವಾಹಿಗಳನ್ನು 1991ರಲ್ಲಿ ಪತ್ತೆ ಮಾಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು.

ನರಕೋಶಗಳ ಮೇಲೆ ತಲೆಬುರುಡೆಯ ತೆಳ್ಳನೆಯ ಮೂಳೆಯಿದೆ, ಜರಡಿಯ ಹಾಗೆ ತೂತು ತೂತು. ಆ ತೂತುಗಳ ಮೂಲಕ ನರದ ಎಳೆಗಳು ಮೇಲೆ ಹೋಗಿ ಮಿದುಳಿನ ಅಡಿಯಲ್ಲಿರುವ ವಾಸನೆಯ ಗಡ್ಡೆಯನ್ನು (ಆಲ್ಫ್ಯಾಕ್ಟರಿ ಬಲ್ಬ್; ಇದು ರೋಗದ ಗಡ್ಡೆಯಲ್ಲ, ಮಿದುಳಿನದೇ ಭಾಗ) ಸೇರುತ್ತವೆ. ಹೊರಗಿನ ಗಾಳಿಗೂ ಮಿದುಳಿಗೂ ಇಷ್ಟು ಹತ್ತಿರದ ನಂಟು ದೇಹದ ಬೇರೆಲ್ಲೂ ಇಲ್ಲ. ಕೇರಳದಲ್ಲಿ ಕೆರೆ-ಕೊಳದ ನೀರಿನಿಂದ ಬರುವ ಮಿದುಳು ತಿನ್ನುವ ಅಮೀಬಾದ ಸುದ್ದಿ ಓದಿದ್ದೀರಲ್ಲ, ಅದು ಒಳಗೆ ನುಗ್ಗುವುದು ಇದೇ ದಾರಿಯಲ್ಲಿ. ಹಾಗಾಗಿ ಕೊರೊನಾ ವೈರಸ್ಸೂ ಹೀಗೇ ಹತ್ತಿರಬೇಕು ಎಂದು ಜನ ಅಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ವಿಜ್ಞಾನಿಗಳಿಗೂ ಮೊದಲು ಬಂದ ಅನುಮಾನ ಅದೇ.

ಆದರೆ 2020ರಲ್ಲಿ ಹಾರ್ವರ್ಡ್‌ನ ತಂಡವೊಂದು ನೋಡಿದಾಗ ಸಿಕ್ಕಿದ್ದೇ ಬೇರೆ. ಕೊರೊನಾ ವೈರಸ್ ಒಂದು ಕೋಶದೊಳಗೆ ಹೋಗಬೇಕಾದರೆ ಅದರ ಮೇಲೆ ಎಸಿಇ2 ಎಂಬ ಪ್ರೋಟೀನ್ ಇರಬೇಕು. ವಾಸನೆಯ ನರಕೋಶಗಳಲ್ಲಿ ಅದು ಇರಲೇ ಇಲ್ಲ. ಇದ್ದದ್ದು ಪಕ್ಕದ ಆಸರೆ ಕೋಶಗಳಲ್ಲಿ. ನರಕೋಶಗಳನ್ನು ಹಿಡಿದು ನಿಲ್ಲಿಸುವುದು, ಪೋಷಣೆ ಕೊಡುವುದು, ಸುತ್ತಲಿನ ಲೋಳೆಯ ಲವಣಾಂಶ ಕಾಯುವುದು ಇವುಗಳ ಕೆಲಸ. ವೈರಸ್ ಇವುಗಳ ಮೇಲೆ ಬಿದ್ದರೆ ನರಕೋಶ ಬದುಕಿದ್ದರೂ ಕೆಲಸ ಮಾಡಲಾರದು. ಸಾಮಾನ್ಯ ನೆಗಡಿಯಲ್ಲಿ ಮೂಗು ಕಟ್ಟಿ ಗಾಳಿ ಮೇಲೆ ಹೋಗದೆ ವಾಸನೆ ಹೋಗುತ್ತದೆ. ಕೋವಿಡ್‌ನಲ್ಲಿ ಮೂಗು ಪೂರ್ತಿ ತೆರೆದಿತ್ತು, ವಾಸನೆ ಮಾತ್ರ ರಾತ್ರೋರಾತ್ರಿ ಮಾಯ. ಅದಕ್ಕೆ ಕಾರಣ ಇದು. ತೀರಿಕೊಂಡ ರೋಗಿಗಳ ಮೂಗು ಮತ್ತು ವಾಸನೆಯ ಗಡ್ಡೆಯನ್ನು ಸೂಕ್ಷ್ಮವಾಗಿ ಪರೀಕ್ಷಿಸಿದ 2021ರ ಇನ್ನೊಂದು ಅಧ್ಯಯನವೂ ಇದನ್ನೇ ಹೇಳಿತು. ಆಸರೆ ಕೋಶಗಳಲ್ಲಿ ವೈರಸ್ ಇತ್ತು, ನರಕೋಶಗಳಲ್ಲಿ ಸೋಂಕಿನ ಗುರುತು ಸಿಗಲಿಲ್ಲ.

ಆಸರೆ ಕೋಶಗಳು ಬೇಗ ಮತ್ತೆ ಹುಟ್ಟುತ್ತವೆ. ವಾಸನೆಯ ನರಕೋಶಗಳೂ ಅಷ್ಟೆ, ಕೆಳಗಿನ ಕಾಂಡಕೋಶಗಳಿಂದ (ಸ್ಟೆಮ್ ಸೆಲ್) ಜೀವನಪೂರ್ತಿ ಹೊಸದಾಗಿ ಹುಟ್ಟುತ್ತಲೇ ಇರುತ್ತವೆ. ನರಮಂಡಲದಲ್ಲಿ ಇಂಥ ಭಾಗ್ಯ ಇರುವುದು ಬಹಳ ಕಡಿಮೆ ಜಾಗಗಳಿಗೆ. ಹೀಗಾಗಿ ಚೇತರಿಕೆಯ ಲೆಕ್ಕ ಚೆನ್ನಾಗಿದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿ 2022ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ಒಂದು ತಿಂಗಳೊಳಗೆ ಸುಮಾರು 74% ಜನರಿಗೆ, ಮೂರು ತಿಂಗಳಲ್ಲಿ 90% ಜನರಿಗೆ, ಆರು ತಿಂಗಳಲ್ಲಿ ಸುಮಾರು 96% ಜನರಿಗೆ ವಾಸನೆ ಮರಳಿತ್ತು. ಉಳಿದ ಪಾಲು ಸಣ್ಣದಾಗಿ ಕಾಣುತ್ತದೆ ಅಲ್ವಾ? ಆದರೆ ಕೋಟಿಗಟ್ಟಲೆ ಜನರಿಗೆ ಬಂದ ಕಾಯಿಲೆಯಲ್ಲಿ ಅದು ದೊಡ್ಡ ಗುಂಪು.

ಈ ಗುಂಪಿನವರಿಗೆ ಯಾಕೆ ಹೀಗೆ? ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ತಿಂಗಳುಗಟ್ಟಲೆ ವಾಸನೆಯಿಲ್ಲದವರ ಮೂಗಿನ ಪೊರೆಯ ಚೂರು ತೆಗೆದು ನೋಡಿದರು. ವೈರಸ್ ಯಾವತ್ತೋ ಹೋಗಿತ್ತು. ಆದರೆ ರೋಗದ ವಿರುದ್ಧ ಹೋರಾಡುವ ಟಿ ಕೋಶಗಳು ಅಲ್ಲೇ ಬೀಡುಬಿಟ್ಟಿದ್ದವು, ನರಕೋಶಗಳ ಸಂಖ್ಯೆ ಕಡಿಮೆಯಾಗಿತ್ತು. ಯುದ್ಧ ಮುಗಿದರೂ ಸೈನ್ಯ ಊರು ಬಿಟ್ಟಿರಲಿಲ್ಲ.

ವಾಸನೆ ಬರದೇ ಇರುವುದಕ್ಕಿಂತ ತಪ್ಪಾಗಿ ಬರುವುದು ಇನ್ನೂ ಕಷ್ಟ. ಇದನ್ನು ಪರೋಸ್ಮಿಯಾ ಎನ್ನುತ್ತಾರೆ. ಹೊಸ ನರಗಳು ಬೆಳೆಯುತ್ತಿರುವಾಗ ಎಲ್ಲ ಬಗೆಯ ಗ್ರಾಹಕಗಳೂ ಒಟ್ಟಿಗೆ ಮರಳುವುದಿಲ್ಲ. ನೂರಾರು ಅಣುಗಳ ಮಿಶ್ರಣವಾದ ಕಾಫಿಯಲ್ಲಿ ನಾಲ್ಕೈದು ಅಣು ಮಾತ್ರ ಮೂಗಿಗೆ ಸಿಕ್ಕರೆ ಮಿದುಳಿಗೆ ಅದು ಕಾಫಿ ಅನ್ನಿಸುವುದಿಲ್ಲ. ಚರಂಡಿ ಅನ್ನಿಸುತ್ತದೆ, ಇಲ್ಲವೇ ಸುಟ್ಟ ರಬ್ಬರ್. ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಜೇನ್ ಪಾರ್ಕರ್ ತಂಡ ಕಾಫಿಯ ಆವಿಯನ್ನು ಒಂದೊಂದೇ ಅಣುವಾಗಿ ಬೇರ್ಪಡಿಸಿ ರೋಗಿಗಳಿಗೆ ಮೂಸಲು ಕೊಟ್ಟಿತು. ಮತ್ತೆ ಮತ್ತೆ ಸಿಕ್ಕಿಬಿದ್ದದ್ದು ಗಂಧಕವಿರುವ ಒಂದು ಅಣು. ಹುರಿದ ಕಾಫಿಗೆ ಕಾಫಿಯ ಘಮ ಕೊಡುವುದೇ ಅದು. ಬಹಳ ಸ್ವಲ್ಪ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಹುರಿದ, ಕರಿದ ಪದಾರ್ಥ, ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ, ಮಾಂಸ ಇವುಗಳಲ್ಲೂ ಇಂಥ ಅಣುಗಳಿವೆ.

ನಮ್ಮ ಅಡುಗೆಮನೆಯಲ್ಲಿ ಇದರ ಅರ್ಥ ಏನು ಯೋಚಿಸಿ. ಬಾಣಲೆಗೆ ಎಣ್ಣೆ ಬಿದ್ದು ಸಾಸಿವೆ ಸಿಡಿದು ಈರುಳ್ಳಿ ಕೆಂಪಾಗುವ ಹೊತ್ತಿಗೆ ಮನೆಮಂದಿಯೆಲ್ಲ "ಏನು ಘಮ" ಅನ್ನುತ್ತಿದ್ದರೆ, ಒಬ್ಬರು ಮಾತ್ರ ಸೆರಗು ಮೂಗಿಗೆ ಹಿಡಿದು ಬಾಲ್ಕನಿಗೆ ಓಡುತ್ತಾರೆ. ಊಟ ಬಿಡುತ್ತಾರೆ, ಸೊರಗುತ್ತಾರೆ. ಮದುವೆಮನೆಗೆ ಕರೆದರೆ ನೆಪ ಹೇಳುತ್ತಾರೆ. ಇಂಥವರಿಗೆ ಮೊಸರನ್ನ, ಇಡ್ಲಿ, ಬೇಯಿಸಿ ಆರಿಸಿದ ತರಕಾರಿ ಸ್ವಲ್ಪ ಸುಲಭ. ಆರಿದ ಅಡುಗೆಯಿಂದ ಆವಿ ಕಡಿಮೆ ಏಳುತ್ತದೆ. ಹೆಚ್ಚಿನವರಲ್ಲಿ ಇದು ನರ ಮತ್ತೆ ಬೆಳೆಯುತ್ತಿದೆ ಎನ್ನುವುದರ ಸೂಚನೆ. ಅನುಭವಿಸುವವರಿಗೆ ಆ ಮಾತಿನಿಂದ ಹೊಟ್ಟೆ ತುಂಬುವುದಿಲ್ಲ, ನಿಜ. ಆದರೂ ಗೊತ್ತಿರಲಿ.

ಈಗ ಮರೆವಿನ ಕಡೆ. ನೋಟ, ಶಬ್ದ, ಸ್ಪರ್ಶ ಇವೆಲ್ಲ ಮಿದುಳಿನ ನಡುವೆ ಇರುವ ಥಲಮಸ್ ಎಂಬ ಕೇಂದ್ರದ ಮೂಲಕ ಹಾದು ಮುಂದೆ ಹೋಗುತ್ತವೆ. ವಾಸನೆ ಮಾತ್ರ ಆ ಕೇಂದ್ರಕ್ಕೆ ಕಾಯುವುದಿಲ್ಲ. ವಾಸನೆಯ ಗಡ್ಡೆಯಿಂದ ನೇರವಾಗಿ ಭಾವನೆಗಳ ಕೇಂದ್ರವಾದ ಅಮಿಗ್ಡಲಕ್ಕೂ, ನೆನಪುಗಳನ್ನು ಕಟ್ಟುವ ಹಿಪ್ಪೊಕ್ಯಾಂಪಸ್‌ನ ಹೊಸ್ತಿಲಾದ ಎಂಟೊರೈನಲ್ ಭಾಗಕ್ಕೂ ಹೋಗುತ್ತದೆ. ಮೊದಲ ಮಳೆಯ ಮಣ್ಣಿನ ವಾಸನೆಗೆ ಊರಿನ ಶಾಲೆಯ ಅಂಗಳ ಒಮ್ಮೆಲೇ ಕಣ್ಣ ಮುಂದೆ ಬರುವುದಕ್ಕೆ ಈ ಒಳದಾರಿ ಕಾರಣ. ಹಾಗಾದರೆ ದಾರಿಯ ಒಂದು ತುದಿಗೆ ಪೆಟ್ಟಾದರೆ ಇನ್ನೊಂದು ತುದಿಗೂ ತಟ್ಟಬೇಕಲ್ಲ?

ಈ ಪ್ರಶ್ನೆಗೆ ಬಂದ ಅತಿ ಹೆಚ್ಚು ಸುದ್ದಿಯ ಉತ್ತರ 2022ರ ಮಾರ್ಚ್‌ನದ್ದು. ಜನರ ಆರೋಗ್ಯದ ಮಾಹಿತಿ ಕೂಡಿಡುವ ಬ್ರಿಟನ್ನಿನ ಯುಕೆ ಬಯೋಬ್ಯಾಂಕ್‌ನಲ್ಲಿ ಕೋವಿಡ್‌ಗೆ ಮೊದಲೇ ಮಿದುಳಿನ ಸ್ಕ್ಯಾನ್ ಮಾಡಿಸಿಕೊಂಡ ಸಾವಿರಾರು ಜನರಿದ್ದರು. ಅವರಲ್ಲಿ 785 ಜನರಿಗೆ ಮತ್ತೊಮ್ಮೆ ಸ್ಕ್ಯಾನ್ ಆಯಿತು. 401 ಜನರಿಗೆ ನಡುವೆ ಕೋವಿಡ್ ಬಂದಿತ್ತು, 384 ಜನರಿಗೆ ಬಂದಿರಲಿಲ್ಲ. ಬಂದವರಲ್ಲಿ ಹೆಚ್ಚಿನವರದು ಸೌಮ್ಯ ಕಾಯಿಲೆ. ಹೋಲಿಸಿ ನೋಡಿದರೆ, ಕೋವಿಡ್ ಬಂದವರಲ್ಲಿ ವಾಸನೆಗೆ ಸಂಬಂಧಪಟ್ಟ ಭಾಗಗಳು ಮತ್ತು ಹಿಪ್ಪೊಕ್ಯಾಂಪಸ್ ಪಕ್ಕದ ಭಾಗ ಹೆಚ್ಚು ತೆಳುವಾಗಿದ್ದವು. ವ್ಯತ್ಯಾಸ 0.2%ರಿಂದ 2%ವರೆಗೆ. "ಕೋವಿಡ್‌ನಿಂದ ಮಿದುಳು ಕುಗ್ಗುತ್ತದೆ" ಎಂಬ ತಲೆಬರಹಗಳು ಬಂದದ್ದು ಇದರಿಂದಲೇ.

ಕೆಲಸ ಅಚ್ಚುಕಟ್ಟಾದದ್ದು. ಮೊದಲಿನ ಸ್ಕ್ಯಾನ್ ಕೈಯಲ್ಲಿರುವುದು ಅಪರೂಪದ ಅನುಕೂಲ. ಆದರೆ ತಲೆಬರಹದಲ್ಲಿ ಬರದ ಮಾತುಗಳೂ ಇವೆ. ಭಾಗವಹಿಸಿದವರೆಲ್ಲ 51ರಿಂದ 81 ವರ್ಷದವರು. ಲೆಕ್ಕ ಸರಾಸರಿಯದ್ದು, ಒಬ್ಬೊಬ್ಬರ ಭವಿಷ್ಯವಲ್ಲ. ಕುಗ್ಗಲು ಕಾರಣ ಏನು ಎಂಬುದಕ್ಕೆ ಸಂಶೋಧಕರೇ ಒಂದಕ್ಕಿಂತ ಹೆಚ್ಚು ಸಾಧ್ಯತೆ ಕೊಟ್ಟರು. ಹಾನಿ ವಾಸನೆಯ ದಾರಿಯಲ್ಲಿ ಹರಡಿರಬಹುದು. ಉರಿಯೂತ ಇರಬಹುದು. ಇಲ್ಲವೇ ವಾಸನೆಯ ಸುದ್ದಿ ಬರುವುದೇ ನಿಂತು, ಕೆಲಸವಿಲ್ಲದ ಭಾಗ ಸ್ವಲ್ಪ ಸೊರಗಿರಬಹುದು. ಈ ಕೊನೆಯದು ನಿಜವಾದರೆ ಅದು ವಾಪಸ್ ಬರಬಹುದಾದ ಬದಲಾವಣೆ. ಇನ್ನೊಂದು ವಿಷಯ ನನಗೆ ಮುಖ್ಯ ಅನ್ನಿಸಿತು. ಅವರ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಎದ್ದು ಕಂಡ ಹಿನ್ನಡೆ, ಪರದೆಯ ಮೇಲೆ ಚದುರಿದ ಅಂಕಿ-ಅಕ್ಷರಗಳನ್ನು ಕ್ರಮವಾಗಿ ಜೋಡಿಸುತ್ತಾ ಹೋಗುವ ಪರೀಕ್ಷೆಯಲ್ಲಿ. ಅದು ಅಳೆಯುವುದು ವೇಗ ಮತ್ತು ಗಮನವನ್ನು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಾವು ಮರೆವು ಎಂದು ದೂರುವುದರಲ್ಲಿ ದೊಡ್ಡ ಪಾಲು ನಿಜಕ್ಕೂ ಮರೆವಲ್ಲ. ಬೀಗದ ಕೈ ಇಡುವಾಗಲೇ ಮನಸ್ಸು ಅಲ್ಲಿರಲಿಲ್ಲ, ಹಾಗಾಗಿ ನೆನಪು ಬರೆದುಕೊಳ್ಳಲೇ ಇಲ್ಲ. ಬರೆಯದ್ದನ್ನು ಓದುವುದು ಹೇಗೆ? ಕೋವಿಡ್ ನಂತರದ ಮಂಕು, ಅಂದರೆ ಬ್ರೇನ್ ಫಾಗ್, ಬಹಳ ಜನರಲ್ಲಿ ಹೀಗೆಯೇ ಇರುತ್ತದೆ. ಹಳೆಯ ನೆನಪು ಗಟ್ಟಿಯಾಗಿದೆ, ಮಕ್ಕಳ ಹುಟ್ಟಿದ ದಿನ ಗೊತ್ತು. ಆದರೆ ಇಬ್ಬರು ಒಟ್ಟಿಗೆ ಮಾತಾಡಿದರೆ ಹಿಡಿಯಲು ಆಗುವುದಿಲ್ಲ, ಲೆಕ್ಕ ಹಾಕುವಾಗ ಯಾರಾದರೂ ಕರೆದರೆ ಮತ್ತೆ ಮೊದಲಿನಿಂದ.

ವೈರಸ್ ಮಿದುಳಿಗೆ ಹೋಗದಿದ್ದರೆ ಈ ಮಂಕು ಎಲ್ಲಿಂದ? 2022ರಲ್ಲಿ ಸ್ಟ್ಯಾನ್‌ಫರ್ಡ್‌ನ ಮಿಶೆಲ್ ಮೊಂಜೆ ಮತ್ತು ಯೇಲ್‌ನ ಅಕಿಕೊ ಇವಾಸಾಕಿ ಅವರ ತಂಡಗಳು ಇಲಿಗಳ ಉಸಿರಾಟದ ದಾರಿಯಲ್ಲಿ ಮಾತ್ರ ಸೌಮ್ಯ ಸೋಂಕು ಬರುವಂತೆ ಮಾಡಿದವು. ಮಿದುಳಲ್ಲಿ ವೈರಸ್ ಸಿಗಲಿಲ್ಲ. ಆದರೂ ಮಿದುಳಿನ ಕಾವಲು ಕೋಶಗಳು ವಾರಗಟ್ಟಲೆ ಕೆರಳಿಕೊಂಡೇ ಇದ್ದವು. ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶ ಹುಟ್ಟುವುದು ಕಡಿಮೆಯಾಯಿತು, ನರಗಳ ಮೇಲಿನ ಕೊಬ್ಬಿನ ಹೊದಿಕೆ ತೆಳುವಾಯಿತು. ಹೊದಿಕೆ ಹೋದರೆ ಸಂದೇಶ ನಿಧಾನವಾಗುತ್ತದೆ. ಎದೆಯಲ್ಲಿ ಹೊತ್ತಿದ ಉರಿ ರಕ್ತದ ಮೂಲಕ ತಲೆಗೆ ತಟ್ಟಿದ ಹಾಗಾಯಿತು. 2024ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನವರು ಮನುಷ್ಯರಲ್ಲೇ ನೋಡಿದರು. ಲಾಂಗ್ ಕೋವಿಡ್ (ಸೋಂಕು ಮುಗಿದರೂ ತಿಂಗಳುಗಟ್ಟಲೆ ಉಳಿಯುವ ಲಕ್ಷಣಗಳು) ಜೊತೆ ಮಂಕು ಇರುವವರಲ್ಲಿ ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ ಸೋರುತ್ತಿತ್ತು.

ಹೀಗಾಗಿ ನಾನು ಈ ವಿಷಯವನ್ನು ನೋಡುವುದು ಹೀಗೆ. ಮೂಗಿನದು ಸ್ಥಳದಲ್ಲೇ ಆದ ಗಾಯ. ಮಂಕು, ಬಹುಪಾಲು, ಇಡೀ ದೇಹದ ಉರಿಯೂತದ ಫಲ. ಎರಡೂ ಒಂದೇ ಕಾಯಿಲೆಯಿಂದ ಬಂದವು, ಆದರೆ ಒಂದು ಇನ್ನೊಂದನ್ನು ಹುಟ್ಟಿಸಿತು ಎನ್ನುವಂತಿಲ್ಲ.

ಹಾಗಂತ ಸಂಬಂಧವೇ ಇಲ್ಲವೆಂದೂ ಅಲ್ಲ. ಅರ್ಜೆಂಟೀನಾದಲ್ಲಿ 55 ದಾಟಿದವರನ್ನು ಒಂದು ವರ್ಷ ಗಮನಿಸಿದ ಅಧ್ಯಯನವೊಂದು 2022ರ ಆಲ್‌ಝೈಮರ್ಸ್ ಸಮ್ಮೇಳನದಲ್ಲಿ ಮಂಡನೆಯಾಯಿತು. ಮುಂದೆ ಯಾರಿಗೆ ನೆನಪು-ಯೋಚನೆಯ ತೊಂದರೆ ಉಳಿಯುತ್ತದೆ ಎಂದು ಸೂಚಿಸಿದ್ದು ಕೋವಿಡ್ ಎಷ್ಟು ಜೋರಾಗಿತ್ತು ಎನ್ನುವುದಕ್ಕಿಂತ ವಾಸನೆ ಎಷ್ಟರಮಟ್ಟಿಗೆ ಹೋಗಿತ್ತು ಎನ್ನುವುದು. ನಮ್ಮ ಪಕ್ಕದ ಪುಣೆಯ ಐಸರ್ ಎಂಬ ವಿಜ್ಞಾನ ಸಂಸ್ಥೆಯವರು ಇನ್ನೊಂದು ಬಗೆಯಲ್ಲಿ ಪರೀಕ್ಷಿಸಿದರು. ಒಂದಾದ ಮೇಲೊಂದು ಎರಡು ವಾಸನೆ ಕೊಟ್ಟು, ಎರಡೂ ಒಂದೇನಾ ಬೇರೆಯಾ ಎಂದು ಕೇಳುವುದು. ಉತ್ತರ ಹೇಳಲು ಮೊದಲನೆಯದನ್ನು ಕೆಲವು ಕ್ಷಣ ನೆನಪಲ್ಲಿ ಹಿಡಿದಿರಬೇಕು. ಕೋವಿಡ್‌ನಿಂದ ಗುಣವಾದವರಿಗೂ ಇದು ಕಷ್ಟವಾಗಿತ್ತು. ಅಂದರೆ ವಾಸನೆ ಮರಳಿದರೂ ಅದನ್ನು ಬಳಸುವ ಮಿದುಳಿನ ಕೆಲಸ ಸ್ವಲ್ಪ ಹಿಂದುಳಿದಿತ್ತು. ಇಂಥ ಪರೀಕ್ಷೆಗಳನ್ನು ನಮ್ಮ ಜನಕ್ಕೆ ಹೊಂದುವಂತೆ ಮಾಡುವುದೂ ಒಂದು ಕೆಲಸವೇ. ಅಮೆರಿಕದ ಪ್ರಸಿದ್ಧ 40 ವಾಸನೆಗಳ ಪರೀಕ್ಷೆಯಲ್ಲಿ ಪಂಪ್‌ಕಿನ್ ಪೈ, ರೂಟ್ ಬಿಯರ್ ಇವೆ. ಅದನ್ನು ತಂದು ಹಾವೇರಿಯ ಅಜ್ಜಿಯ ಮುಂದಿಟ್ಟರೆ ಫೇಲ್ ಆಗುವುದು ಅಜ್ಜಿಯಲ್ಲ, ಪರೀಕ್ಷೆ.

"ಹಾಗಾದರೆ ನನಗೆ ಮುಂದೆ ಆಲ್‌ಝೈಮರ್ಸ್ ಬರುತ್ತಾ ಡಾಕ್ಟ್ರೇ?" ಜನ ಹೆಚ್ಚು ಹೆದರುವುದು ಇದಕ್ಕೆ. ಹೆದರಿಕೆಗೆ ಆಧಾರ ಇಲ್ಲದಿಲ್ಲ. ಪಾರ್ಕಿನ್ಸನ್ಸ್‌ನಲ್ಲಿ ಕೈ ನಡುಗುವುದಕ್ಕೆ ವರ್ಷಗಳ ಮೊದಲೇ ವಾಸನೆ ಕುಂದುತ್ತದೆ. ಆಲ್‌ಝೈಮರ್ಸ್‌ನಲ್ಲಿ ಹಾನಿ ಮೊದಲು ಕಾಣಿಸಿಕೊಳ್ಳುವ ಜಾಗಗಳಲ್ಲಿ ಎಂಟೊರೈನಲ್ ಭಾಗವೂ ಒಂದು. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಆ ಕಾಯಿಲೆಗಳಲ್ಲಿ ವಾಸನೆ ಎಷ್ಟು ಮೆಲ್ಲಗೆ ಹೋಗುತ್ತದೆ ಅಂದರೆ ಬಹಳ ಜನರಿಗೆ ಹೋದದ್ದೇ ಗೊತ್ತಾಗುವುದಿಲ್ಲ. ವೈರಸ್‌ನಿಂದ ಹೋದವರು ತಾರೀಖು ಹೇಳುತ್ತಾರೆ. "ಸೋಮವಾರ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದಾಗ ಬಂತು, ಮಂಗಳವಾರ ಬರಲಿಲ್ಲ." ನಿಮ್ಮದು ಈ ಬಗೆಯಾದರೆ, ಅದು ಆಲ್‌ಝೈಮರ್ಸ್ ನಡೆಯುವ ರೀತಿಯಲ್ಲ.

ಮಂಕಿನ ಪ್ರಮಾಣದ ಬಗ್ಗೆಯೂ ಒಂದು ಅಂದಾಜು ಇರಲಿ. ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಜನ ಆನ್‌ಲೈನ್‌ನಲ್ಲಿ ಬರೆದ ಬುದ್ಧಿಶಕ್ತಿ ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು. ಕೋವಿಡ್ ಬಂದು ಪೂರ್ತಿ ಗುಣವಾದವರಲ್ಲಿ ಕೊರತೆ ಐಕ್ಯೂ ಲೆಕ್ಕದಲ್ಲಿ ಸುಮಾರು 3 ಅಂಕ. ಲಕ್ಷಣಗಳು ಉಳಿದವರಲ್ಲಿ 6, ಐಸಿಯುಗೆ ಹೋಗಿ ಬಂದವರಲ್ಲಿ 9. ಮೂರು ಅಂಕ ದಿನದ ಬದುಕಿನಲ್ಲಿ ಕಣ್ಣಿಗೆ ಬೀಳುವುದೂ ಕಷ್ಟ. ಆರು-ಒಂಬತ್ತು ಹಾಗಲ್ಲ.

ಏನು ಮಾಡಬಹುದು? ವಾಸನೆಗೆ ಸದ್ಯಕ್ಕೆ ಕೈಗೆ ಸಿಗುವ, ಅಪಾಯವಿಲ್ಲದ ದಾರಿ ಮೂಗಿನ ಅಭ್ಯಾಸ. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ 2009ರಲ್ಲಿ, ಅಂದರೆ ಕೋವಿಡ್‌ಗೆ ಎಷ್ಟೋ ಮೊದಲೇ, ಇದನ್ನು ಪರೀಕ್ಷಿಸಿದ್ದರು. ಫ್ಲೂ, ನೆಗಡಿಯ ವೈರಸ್‌ಗಳಿಂದ ವಾಸನೆ ಹೋಗುವುದು ಹಳೆಯ ವಿಷಯವೇ. ಅವರು ಬಳಸಿದ್ದು ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ನಾಲ್ಕೂ ನಮ್ಮಲ್ಲಿ ಸಿಗುತ್ತವೆ. ನಾಲ್ಕು ಚಿಕ್ಕ ಬಾಟಲಿಯಲ್ಲಿ ಹತ್ತಿ ಇಟ್ಟು ಒಂದೊಂದಕ್ಕೆ ಎರಡು-ಮೂರು ಹನಿ ಎಣ್ಣೆ. ನೀಲಗಿರಿ ಎಣ್ಣೆ ಮಕ್ಕಳ ಕೈಗೆ ಸಿಗದಂತೆ ಇಡಿ, ನುಂಗಿದರೆ ವಿಷ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಒಂದೊಂದನ್ನೂ ಹತ್ತಿಪ್ಪತ್ತು ಸೆಕೆಂಡ್ ಮೆಲ್ಲಗೆ ಮೂಸಬೇಕು. ಮೂಸುವಾಗ ಫೋನ್ ಪಕ್ಕಕ್ಕಿಟ್ಟು, ಆ ವಾಸನೆ ಹಿಂದೆ ಹೇಗಿತ್ತು ಎಂದು ನೆನೆಸಿಕೊಳ್ಳಬೇಕು. ಲವಂಗದ ಬಾಟಲಿ ಹಿಡಿದು ಸುಮ್ನೆ ಸೀರಿಯಲ್ ನೋಡುತ್ತಾ ಕುಳಿತರೆ ಅರ್ಧ ಕೆಲಸ ವ್ಯರ್ಥ. ಕನಿಷ್ಠ 12 ವಾರ ಬಿಡದೆ ಮಾಡಬೇಕು. ಎಲ್ಲರಿಗೂ ಫಲ ಸಿಗುತ್ತದೆ ಎಂಬ ಭರವಸೆ ಇಲ್ಲ.

ಮೂಗಿನೊಳಗೆ ಮಾತ್ರ ಏನೇನೋ ಸುರಿಯಬೇಡಿ. 2021ರಲ್ಲಿ ನಿಂಬೆರಸ ಮೂಗಿಗೆ ಬಿಟ್ಟುಕೊಳ್ಳಿ ಎಂಬ ಸಲಹೆ ಕರ್ನಾಟಕದಲ್ಲಿ ಹಬ್ಬಿದ್ದು ನೆನಪಿರಬಹುದು. ಇಂಥದ್ದಕ್ಕೆ ಹಳೆಯ ಉದಾಹರಣೆಯಿದೆ. ಪೋಲಿಯೊ ವೈರಸ್ ಮೂಗಿನ ಮೂಲಕ ಮಿದುಳಿಗೆ ಹೋಗುತ್ತದೆ ಎಂದು ನಂಬಿದ್ದ 1937ರಲ್ಲಿ ಕೆನಡಾದ ಟೊರಾಂಟೊದಲ್ಲಿ ಸುಮಾರು 5000 ಮಕ್ಕಳ ಮೂಗಿಗೆ ಸತುವಿನ ಸಲ್ಫೇಟ್ ದ್ರಾವಣ ಸಿಂಪಡಿಸಿದರು. ಪೋಲಿಯೊ ತಡೆಯಲು ಅದರಿಂದ ಆಗಲಿಲ್ಲ. ಕೆಲವು ಮಕ್ಕಳ ವಾಸನೆಯ ಶಕ್ತಿ ಹೋಯಿತು.

ವಾಸನೆ ಇಲ್ಲದವರ ಮನೆಯಲ್ಲಿ ಗ್ಯಾಸ್ ಸೋರಿಕೆ ತಿಳಿಸುವ ಅಲಾರ್ಮ್ ಇರುವುದು ಒಳ್ಳೆಯದು. ಎಲ್‌ಪಿಜಿಗೆ ತನ್ನದೇ ವಾಸನೆಯಿಲ್ಲ, ಸೋರಿದ್ದು ಗೊತ್ತಾಗಲೆಂದು ಗಬ್ಬು ನಾರುವ ಮರ್ಕ್ಯಾಪ್ಟನ್ ಸೇರಿಸಿರುತ್ತಾರೆ. ಮೂಗೇ ಕೆಲಸ ಮಾಡದಿದ್ದರೆ ಆ ಏರ್ಪಾಡು ದಂಡ. ಫ್ರಿಜ್‌ನ ಡಬ್ಬಿಗಳ ಮೇಲೆ ತಾರೀಖು ಬರೆಯಿರಿ, ಹುಳಿ ಬಂದ ಸಾರು ನಿಮಗೆ ತಿಳಿಯದು.

ಮಂಕಿಗೆ ಗುಳಿಗೆಯಿಲ್ಲ. ಆದರೆ ಗುಳಿಗೆಯಿಂದ ಸರಿಹೋಗುವ ಬೇರೆ ಕಾರಣಗಳು ಅದರ ಹಿಂದೆ ಅಡಗಿರುವುದು ಬಹಳ ಸಾಮಾನ್ಯ. ಬಿ12 ಕೊರತೆ, ಅದರಲ್ಲೂ ಸಸ್ಯಾಹಾರಿಗಳಲ್ಲಿ. ಥೈರಾಯ್ಡ್. ರಕ್ತಹೀನತೆ. ನಿದ್ದೆಗೇಡು, ಗೊರಕೆಯ ನಡುವೆ ಉಸಿರು ನಿಲ್ಲುವ ಕಾಯಿಲೆ. ಖಿನ್ನತೆ. ಇವನ್ನೆಲ್ಲ "ಕೋವಿಡ್ ಆದಮೇಲೆ ಹೀಗೇ" ಎಂಬ ಒಂದೇ ಚೀಲಕ್ಕೆ ತುಂಬಿ ಕುಳಿತರೆ ಗುಣವಾಗಬಹುದಾದದ್ದೂ ಹಾಗೇ ಉಳಿಯುತ್ತದೆ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಆಮೇಲೂ ಕೆಲಸಕ್ಕೆ ಅಡ್ಡಿಯಾಗುವಷ್ಟು ಮಂಕು ಇದ್ದರೆ ನರರೋಗ ತಜ್ಞರು ಗಮನ ಬೇರೆ, ನೆನಪು ಬೇರೆ ಮಾಡಿ ಅಳೆಯುವ ಪರೀಕ್ಷೆ ಮಾಡಿಸುತ್ತಾರೆ.

ವಾಸನೆ ಹೋಗಿ ತಿಂಗಳು ಕಳೆದರೂ ಬಾರದಿದ್ದರೆ ಕಿವಿ-ಮೂಗು-ಗಂಟಲಿನ ಡಾಕ್ಟರನ್ನು ನೋಡಿ. ಸೈನಸ್, ಮೂಗಿನೊಳಗಿನ ಗಂಟು ಇಂಥವೂ ವಾಸನೆ ಕಳೆಯುತ್ತವೆ, ಅವುಗಳ ಚಿಕಿತ್ಸೆಯೇ ಬೇರೆ. ಒಂದೇ ಹೊಳ್ಳೆ ಕಟ್ಟಿರುವುದು, ಅದೇ ಕಡೆಯಿಂದ ರಕ್ತ ಬರುವುದು, ನೆಗಡಿ-ಜ್ವರ ಏನೂ ಇಲ್ಲದೆ ವಾಸನೆ ಹೋಗುವುದು ಕಂಡರೆ ತಿಂಗಳು ಕಾಯಬೇಡಿ. ಮರೆವಿನ ಜೊತೆ ಗೊತ್ತಿದ್ದ ದಾರಿ ತಪ್ಪುವುದು, ಮಾತು ತೊದಲುವುದು, ಜ್ವರದ ಜೊತೆ ಗಲಿಬಿಲಿ, ಫಿಟ್ಸ್ ಇದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಮಿದುಳಿಗೇ ಸೋಂಕು ತಗುಲುವ ವೈರಸ್‌ಗಳೂ ಇವೆ. ಅವುಗಳಲ್ಲಿ ಹರ್ಪಿಸ್‌ನಿಂದ ಬರುವ ಮಿದುಳಿನ ಉರಿಯೂತಕ್ಕೆ ಅಸೈಕ್ಲೋವಿರ್ ಎಂಬ ಔಷಧಿಯಿದೆ, ಆದರೆ ಅದನ್ನು ಎಷ್ಟು ಬೇಗ ಶುರು ಮಾಡುತ್ತಾರೋ ಅಷ್ಟು ನೆನಪು ಉಳಿಯುತ್ತದೆ.